‘ಡ್ಯಾಂ ನೀರು ಸಮುದ್ರಕ್ಕೆ ಹೋದರೆ ವ್ಯರ್ಥ’ ಎಂಬ ಮಾತು ನಿಜವೇ? ಕಾಂಡ್ಲಾ ಮರ ಮತ್ತು ಏಡಿಗಳ ಕಡೆಯಿಂದ ಒಂದು ಉತ್ತರ

ತುಂಗಭದ್ರಾ ಡ್ಯಾಂ ತುಂಬಿ ಗೇಟ್ ತೆರೆದರು ಎಂದರೆ ಸಾಕು, ಹೊಸಪೇಟೆ, ಕಂಪ್ಲಿ, ಸಂಡೂರಿನ ಫೋನುಗಳಲ್ಲಿ ಎರಡು ಬಗೆಯ ವಿಡಿಯೊಗಳು ಓಡಾಡತೊಡಗುತ್ತವೆ. ಒಂದು, ಹಾಲಿನ ಹಾಗೆ ಧುಮುಕುವ ನೀರಿನ ಸ್ಟೇಟಸ್. ಇನ್ನೊಂದು ಅದೇ ನೀರಿನ ವಿಡಿಯೊ, ಆದರೆ ಕೆಳಗೆ ಸಂಕಟದ ಒಂದು ಸಾಲು ಇರುತ್ತದೆ: ಇಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ, ಎಲ್ಲರಿಗೂ ಶೇರ್ ಮಾಡಿ.

ಈ ಸಂಕಟ ಸುಳ್ಳಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ಕಾಲುವೆ ನೀರು ನಂಬಿದ ರೈತರು ನಿದ್ದೆ ಕಳೆದುಕೊಂಡಿದ್ದು ನಿಜ. ಎರಡನೇ ಬೆಳೆಗೆ ನೀರು ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಮನೆಮನೆಯ ಪ್ರಶ್ನೆಯಾಗಿತ್ತು. ರೈತನಿಗೆ ಅದು ನಷ್ಟವೇ. ಆದರೆ ‘ಸಮುದ್ರಕ್ಕೆ ಹೋದ ನೀರೆಲ್ಲ ವ್ಯರ್ಥ’ ಎಂಬುದು ಬೇರೆಯೇ ಮಾತು. ನದಿಯ ಕೊನೆಯಲ್ಲಿ ಆ ನೀರಿಗಾಗಿ ಕಾದು ನಿಂತಿರುವ ಒಂದು ಕಾಡಿದೆ. ಆ ಕಾಡಿನ ಮರಗಳಿಗೆ ದುಡಿಯುವ ಕೂಲಿಗಳೂ ಇದ್ದಾರೆ, ಏಡಿಗಳು. ಅವುಗಳ ಕಡೆಯಿಂದ ನೋಡಿದರೆ ಈ ಫಾರ್ವರ್ಡ್‌ನ ಲೆಕ್ಕ ತಪ್ಪುತ್ತದೆ. ಹೇಗೆ ಎಂದು ನೋಡೋಣ.

ನಮ್ಮ ಹೊಳೆ ನೀರು ಹೋಗುವುದೆಲ್ಲಿಗೆ?

ಹೊಸಪೇಟೆಯ ಡ್ಯಾಂ ದಾಟಿದ ತುಂಗಭದ್ರೆ ಹಂಪಿಯ ಬಂಡೆಗಳ ನಡುವೆ ಹರಿದು, ಕಂಪ್ಲಿ ಸೇತುವೆಯನ್ನು ಮುಟ್ಟಿ, ಮಂತ್ರಾಲಯ, ಕರ್ನೂಲುಗಳನ್ನು ದಾಟಿ ಸಂಗಮೇಶ್ವರಂ ಬಳಿ ಕೃಷ್ಣೆಯನ್ನು ಸೇರುತ್ತದೆ. ಸಂಡೂರಿನ ನಾರಿಹಳ್ಳವೂ ಇದೇ ನದಿಯ ಜಲಾನಯನಕ್ಕೆ ಸೇರಿದ್ದು. ಅಲ್ಲಿಂದ ಮುಂದೆ ಶ್ರೀಶೈಲ, ನಾಗಾರ್ಜುನಸಾಗರ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜ್. ಇಷ್ಟೆಲ್ಲ ಕಟ್ಟೆಗಳನ್ನು ದಾಟಿ ಉಳಿದ ನೀರು ಮಾತ್ರ ಹಂಸಲದೀವಿ, ನಾಗಾಯಲಂಕ ಕಡೆಯ ಕವಲುಗಳಲ್ಲಿ ಹರಿದು ಬಂಗಾಳಕೊಲ್ಲಿ ಸೇರುತ್ತದೆ.

ಆ ತುದಿಯಲ್ಲಿ ಕೃಷ್ಣಾ ವನ್ಯಜೀವಿ ಧಾಮವಿದೆ. ಅಲ್ಲಿ ಬೆಳೆದಿರುವುದು ಉಪ್ಪುನೀರಿನ ಕಾಡು. ತೆಲುಗಿನಲ್ಲಿ ಇದಕ್ಕೆ ‘ಮಡ ಅಡವಿ’ ಎನ್ನುತ್ತಾರೆ, ನಮ್ಮ ಕರಾವಳಿಯಲ್ಲಿ ‘ಕಾಂಡ್ಲಾ ಕಾಡು’, ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯ ಪ್ರಕಾರ ದೇಶದಲ್ಲಿ ಇಂಥ ಕಾಡು 4,992 ಚದರ ಕಿ.ಮೀ. ಇದೆ. ಅದರಲ್ಲಿ ಆಂಧ್ರಪ್ರದೇಶದ ಪಾಲು 405, ಕರ್ನಾಟಕದ ಪಾಲು ಬರೀ 13. ಆಂಧ್ರದ ಆ ಕಾಡಿನ ಬಹುಪಾಲು ಗೋದಾವರಿ ಮತ್ತು ಕೃಷ್ಣೆಯ ಮುಖಜ ಭೂಮಿಯಲ್ಲಿದೆ. ಅಂದರೆ ಸಮುದ್ರವನ್ನೇ ಕಾಣದ ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೂ ಒಂದು ಕಾಂಡ್ಲಾ ಕಾಡು ಇದೆ. ಅದು ನೂರಾರು ಕಿಲೋಮೀಟರ್ ದೂರದಲ್ಲಿ, ನಮ್ಮದೇ ಹೊಳೆಯ ತುದಿಯಲ್ಲಿದೆ.

‘ಕಾಂಡ್ಲಾ’ ಅಂದರೆ ಒಂದೇ ಮರವೇ?

ಅಲ್ಲ. ಇದು ಒಂದು ಜಾತಿಯ ಹೆಸರಿಗಿಂತ ಒಂದು ಬದುಕಿನ ರೀತಿಯ ಹೆಸರು. ದಿನಕ್ಕೆ ಎರಡು ಸಲ ಉಬ್ಬರದ ಉಪ್ಪುನೀರು ಬಂದು ಬುಡ ಮುಳುಗಿಸಿ ಹೋಗುವ ಕೆಸರಿನಲ್ಲಿ ಬದುಕಲು ಕಲಿತ, ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಮರಗಳ ಗುಂಪು. ನಾಲ್ಕನ್ನು ಗುರುತಿಸಲು ಕಲಿತರೆ ಸಾಕು, ಕಾಡಿನ ಅರ್ಧ ಪರಿಚಯ ಆದಂತೆ.

ಒಂದನೆಯದು ರೈಜೋಫೋರಾ. ಉತ್ತರ ಕನ್ನಡದಲ್ಲಿ ‘ಕಾಂಡ್ಲಾ’ ಎಂದರೆ ಮೊದಲು ನೆನಪಾಗುವ ಮರ ಇದೇ. ಕಾಂಡದಿಂದ ಕಮಾನಿನ ಹಾಗೆ ಇಳಿದ ಬೇರುಗಳು, ಮರ ಮರಗಾಲು ಕಟ್ಟಿಕೊಂಡು ನಿಂತಂತೆ ಕಾಣುತ್ತವೆ. ಬೇರಿನ ಹಂತದಲ್ಲೇ ಬಹುಪಾಲು ಉಪ್ಪನ್ನು ಸೋಸಿ ಹೊರಗಿಡುತ್ತದೆ. ಬೀಜ ಮರದಲ್ಲಿದ್ದಾಗಲೇ ಮೊಳಕೆ ಒಡೆದು ನುಗ್ಗೆಕಾಯಿಯಂತೆ ಉದ್ದಕ್ಕೆ ನೇತಾಡುತ್ತದೆ, ಬಲಿತ ಮೇಲೆ ಕೆಸರಿಗೋ ನೀರಿಗೋ ಬೀಳುತ್ತದೆ.

ಎರಡನೆಯದು ಅವಿಸೀನಿಯಾ. ಕನ್ನಡದಲ್ಲಿ ‘ಉಪ್ಪಟ್ಟಿ’, ತೆಲುಗಿನಲ್ಲಿ ‘ಮಡ’. ಮರದ ಸುತ್ತ ನೆಲದಿಂದ ಸಾವಿರಾರು ಪೆನ್ಸಿಲ್ ನೆಟ್ಟಂತೆ ಉಸಿರಾಟದ ಬೇರುಗಳು ಮೇಲೆ ಎದ್ದಿರುತ್ತವೆ. ಎಲೆಯನ್ನು ಬೆರಳಿಂದ ಉಜ್ಜಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪುಪ್ಪು. ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಬೆವರಿನಂತೆ ಹೊರಹಾಕುವ ಮರ ಇದು. ಉಪ್ಪು ಸಹಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ.

ಮೂರನೆಯದು ಸೊನರೇಷಿಯಾ. ಬುಡದ ಸುತ್ತ ದಪ್ಪ ಶಂಕುವಿನಾಕಾರದ ಬೇರುಗಳು, ರಾತ್ರಿ ಅರಳುವ ಹೂ, ಮಕರಂದಕ್ಕೆ ಬರುವ ಬಾವಲಿಗಳು. ಇದರ ಕೆಲವು ಜಾತಿಗಳಿಗೆ ಸಿಹಿನೀರು ಹೆಚ್ಚು ಬೆರೆತ ಜಾಗವೇ ಬೇಕು.

ನಾಲ್ಕನೆಯದು ಎಕ್ಸೊಕೇರಿಯಾ, ತೆಲುಗಿನ ‘ತಿಲ್ಲ’. ಮುರಿದರೆ ಬಿಳಿ ಹಾಲು ಸುರಿಸುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಉರಿ, ತಾತ್ಕಾಲಿಕ ಕುರುಡೂ ಬರಬಹುದು. ಪ್ರವಾಸಕ್ಕೆ ಹೋದಾಗ ಕೊಂಬೆ ಮುರಿದು ಫೋಟೊ ತೆಗೆಸಿಕೊಳ್ಳುವ ಚಟ ಇರುವವರು ಇದನ್ನು ನೆನಪಿಡುವುದು ಒಳ್ಳೆಯದು.

ಕೆಸರಿನೊಳಗೆ ಗಾಳಿ ಇಲ್ಲ, ಹಾಗಾದರೆ ಬೇರು ಬದುಕುವುದು ಹೇಗೆ?

ಕಾಂಡ್ಲಾ ಕಾಡಿಗೆ ಕಾಲಿಟ್ಟವರು ಮೊದಲು ಹೇಳುವ ದೂರು ವಾಸನೆಯದು. ಕೊಳೆತ ಮೊಟ್ಟೆಯ ವಾಸನೆ. ಅದು ಕೊಳಕಿನ ಗುರುತಲ್ಲ, ಗಾಳಿಯಿಲ್ಲದ ನೆಲದ ಗುರುತು. ಸದಾ ನೀರು ತುಂಬಿದ ಕೆಸರಿನೊಳಗೆ ಆಮ್ಲಜನಕ ಇಳಿಯುವುದಿಲ್ಲ. ಆಗ ಅಲ್ಲಿನ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಬದುಕುತ್ತವೆ, ಬದಲಿಗೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಈ ಸಲ್ಫೈಡ್ ಹೆಚ್ಚಾದರೆ ಬೇರುಗಳಿಗೆ ವಿಷ.

ಮರಗಳು ಗಾಳಿಗೆ ಬೇರು ಮೇಲೆತ್ತಿ ತಮ್ಮ ಮಟ್ಟಿಗೆ ದಾರಿ ಮಾಡಿಕೊಂಡಿವೆ. ಆದರೆ ಇಡೀ ಕೆಸರಿಗೆ ಗಾಳಿ ಆಡಿಸುವ ಕೆಲಸ ಮಾಡುವುದು ಏಡಿಗಳು. ನಮ್ಮ ಹೊಲದಲ್ಲಿ ಎರೆಹುಳು ಮಾಡುವುದನ್ನೇ ಅವು ಅಲ್ಲಿ ಮಾಡುತ್ತವೆ. ಏಡಿಯ ಬಿಲ ಎಂದರೆ ಕೆಸರಿಗೆ ಕೊರೆದ ಕೊಳವೆ. ಇಳಿತದ ಹೊತ್ತಿನಲ್ಲಿ ಅದರಲ್ಲಿ ಗಾಳಿ ಇಳಿಯುತ್ತದೆ, ಉಬ್ಬರದ ಹೊತ್ತಿನಲ್ಲಿ ಹೊಸ ನೀರು ಇಳಿದು ಒಳಗೆ ಕಟ್ಟಿಕೊಂಡಿದ್ದ ಉಪ್ಪನ್ನೂ ಸಲ್ಫೈಡನ್ನೂ ತೊಳೆದು ಒಯ್ಯುತ್ತದೆ.

ಇದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿದೆ. ಸಂಡೂರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಬ್ಬಿಣ ಗಾಳಿಗೆ ಒಡ್ಡಿಕೊಂಡರೆ ಕೆಂಪಾಗುತ್ತದೆ, ನಿಮ್ಮೂರಿನ ಮಣ್ಣಿನ ಬಣ್ಣ ಅದೇ. ಕಾಂಡ್ಲಾ ಕೆಸರಿನಲ್ಲೂ ಕಬ್ಬಿಣವಿದೆ, ಆದರೆ ಗಾಳಿಯಿಲ್ಲದ ಕಾರಣ ಅದು ಸಲ್ಫೈಡ್ ಜೊತೆ ಸೇರಿ ಕಪ್ಪಾಗಿರುತ್ತದೆ. ಅಂಥ ಕಪ್ಪು ಕೆಸರನ್ನು ಗುದ್ದಲಿಯಿಂದ ಕಡಿದು ನೋಡಿದರೆ, ಏಡಿ ಬಿಲದ ಗೋಡೆಯ ಸುತ್ತ ಮಾತ್ರ ಕಂದುಗೆಂಪಿನ ಬಳೆ ಕಾಣುತ್ತದೆ. ಅದು ತುಕ್ಕು. ಗಾಳಿ ಅಲ್ಲಿಯವರೆಗೆ ತಲುಪಿದೆ ಎಂದು ಏಡಿ ಬರೆದಿಟ್ಟ ರಸೀದಿ ಇದ್ದಂತೆ.

ಏಡಿಗಳನ್ನು ತೆಗೆದುಹಾಕಿದರೆ ಏನಾಗುತ್ತದೆ?

ಇದನ್ನು ವಿಜ್ಞಾನಿಗಳು ನಿಜವಾಗಿಯೂ ಮಾಡಿ ನೋಡಿದ್ದಾರೆ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ರೈಜೋಫೋರಾ ಕಾಡಿನಲ್ಲಿ ಥಾಮಸ್ ಸ್ಮಿತ್ ಮತ್ತು ಸಂಗಡಿಗರು ಕೆಲವು ಜಾಗಗಳಿಂದ ಏಡಿಗಳನ್ನು ಹಿಡಿದು ಹೊರಹಾಕಿ, ಪಕ್ಕದ ಜಾಗಗಳನ್ನು ಇದ್ದಹಾಗೆ ಬಿಟ್ಟು ಹೋಲಿಸಿದರು. ಸುಮಾರು ಒಂದು ವರ್ಷದಲ್ಲಿ ಏಡಿ ಇಲ್ಲದ ಕೆಸರಿನಲ್ಲಿ ಸಲ್ಫೈಡ್ ಏರಿತ್ತು, ಅಮೋನಿಯಂ ಏರಿತ್ತು, ಮರಗಳ ಬೆಳವಣಿಗೆ ಕುಗ್ಗಿತ್ತು, ಮೊಳಕೆಗಾಯಿಗಳೂ ಕಡಿಮೆಯಾಗಿದ್ದವು. 1991ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಕಾಂಡ್ಲಾ ಕಾಡಿನ ಏಡಿಯನ್ನು ‘ಕೀಲಿಕಲ್ಲು ಜೀವಿ’ ಎಂದು ನೋಡುವುದು ರೂಢಿಯಾಯಿತು. ಕಮಾನಿನ ನಡುಗಲ್ಲು ತೆಗೆದರೆ ಉಳಿದ ಕಲ್ಲುಗಳೂ ಉದುರುತ್ತವೆ. ಹಂಪಿಯ ಕಮಾನು ಬಾಗಿಲುಗಳನ್ನು ನೋಡಿದವರಿಗೆ ಈ ಹೋಲಿಕೆ ಬೇಗ ಅರ್ಥವಾಗುತ್ತದೆ.

ಏಡಿ ಮಾಡುವ ಇನ್ನೊಂದು ಕೆಲಸ ಎಲೆ ಎತ್ತುವುದು. ‘ಸೆಸಾರ್ಮಿಡ್’ ಎಂಬ ಕುಟುಂಬದ ಏಡಿಗಳು ಮರದಡಿ ಬಿದ್ದ ಎಲೆಗಳನ್ನು ಎಳೆದುಕೊಂಡು ಹೋಗಿ ಬಿಲದಲ್ಲಿಡುತ್ತವೆ. ಸ್ವಲ್ಪ ತಿನ್ನುತ್ತವೆ, ಹರಿದು ಪುಡಿ ಮಾಡುತ್ತವೆ, ಉಳಿದದ್ದು ಹಿಕ್ಕೆಯಾಗಿ ಮಣ್ಣು ಸೇರುತ್ತದೆ. ಇಲ್ಲವಾದರೆ ಆ ಎಲೆಗಳನ್ನು ಉಬ್ಬರ ಇಳಿತವೇ ಹೊತ್ತುಕೊಂಡು ಹೋಗುತ್ತಿತ್ತು. ಇದೇ ಆಸ್ಟ್ರೇಲಿಯಾ ಕರಾವಳಿಯ ಒಂದು ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಉದುರಿದ ಎಲೆಗಳ ಕಾಲು ಭಾಗಕ್ಕೂ ಹೆಚ್ಚು ಪಾಲು ಏಡಿಗಳ ಪಾಲಾಗಿತ್ತು. ತಿಪ್ಪೆಗೊಬ್ಬರವನ್ನು ಹೊಲದಲ್ಲೇ ಉಳಿಸಿಕೊಳ್ಳುವ ಜಾಣತನ ಇದು. ಮರ ತಿಂದದ್ದು ಮತ್ತೆ ಮರಕ್ಕೇ ಸಿಗುತ್ತದೆ.

ಯಾವ ಮರ ಎಲ್ಲಿ ಬೆಳೆಯಬೇಕೆಂದು ಏಡಿ ತೀರ್ಮಾನಿಸುತ್ತದೆಯೇ?

ಒಂದು ಮಟ್ಟಿಗೆ ಹೌದು. ಏಡಿಗಳಿಗೆ ಮೊಳಕೆಗಳೂ ಆಹಾರವೇ. ಬೇರೆ ಬೇರೆ ಮರಗಳ ಮೊಳಕೆಗಳನ್ನು ದಾರದಿಂದ ಕಟ್ಟಿ ಕೆಸರಿನ ಮೇಲೆ ಬಿಟ್ಟು ದಿನದಿನ ಎಣಿಸಿ ನೋಡಿದ ಪ್ರಯೋಗಗಳಲ್ಲಿ ಅವಿಸೀನಿಯಾ ಮೊಳಕೆಗಳು ಬೇಗ ಖಾಲಿಯಾದವು. ಅವು ಸಣ್ಣವು, ಮೃದು, ಏಡಿಗೆ ರುಚಿ. ರೈಜೋಫೋರಾದ ಉದ್ದನೆಯ ಒಗರು ಮೊಳಕೆಗಳು ಹೆಚ್ಚು ಉಳಿದವು. ಎಲ್ಲಿ ಇಂಥ ಏಡಿ ಹೆಚ್ಚೋ ಅಲ್ಲಿ ಅವಿಸೀನಿಯಾ ಏಳುವುದು ಕಷ್ಟ, ಎಲ್ಲಿ ಕಡಿಮೆಯೋ ಅಲ್ಲಿ ಸುಲಭ. ಮರ ಏಡಿಗೆ ಮನೆ ಕೊಡುತ್ತದೆ, ಆ ಕಾಡಿನಲ್ಲಿ ಯಾವ ಮರದ ಮಕ್ಕಳು ಉಳಿಯಬೇಕೆಂದು ನಿರ್ಧರಿಸುವುದರಲ್ಲಿ ಏಡಿಗೂ ಪಾಲಿದೆ.

ಈ ಮಾತು ಇವತ್ತಿಗೆ ಬಹಳ ಮುಖ್ಯ. 2023ರ ಕೇಂದ್ರ ಬಜೆಟ್‌ನಲ್ಲಿ ಕಾಂಡ್ಲಾ ಗಿಡ ನೆಡುವುದಕ್ಕೆಂದೇ ‘ಮಿಷ್ಟಿ’ ಎಂಬ ಯೋಜನೆ ಘೋಷಣೆಯಾಯಿತು. ‘ಒಂದೇ ದಿನ ಇಷ್ಟು ಸಾವಿರ ಗಿಡ ನೆಟ್ಟರು’ ಎಂಬ ಫೋಟೊಗಳು ಎಲ್ಲ ದೇಶಗಳಿಂದಲೂ ಬರುತ್ತವೆ. ಆದರೆ ಕಾಂಡ್ಲಾ ನೆಡುವ ಎಷ್ಟೋ ಪ್ರಯತ್ನಗಳು ಪ್ರಪಂಚದಾದ್ಯಂತ ಸೋತಿವೆ. ಸಾಮಾನ್ಯ ಕಾರಣಗಳು ಎರಡು: ಎಂದೂ ಕಾಡಿಲ್ಲದ ಬಯಲು ಕೆಸರಿನಲ್ಲಿ ನೆಡುವುದು, ಮತ್ತು ಸುಲಭವಾಗಿ ಸಿಗುತ್ತದೆಂದು ಎಲ್ಲ ಕಡೆಯೂ ಒಂದೇ ಜಾತಿಯನ್ನು ನೆಡುವುದು. ನೀರಿನ ಹರಿವು, ಮಣ್ಣು, ಏಡಿ ಮೂರೂ ಸರಿಯಿದ್ದರೆ ಕಾಡು ಬಹುಮಟ್ಟಿಗೆ ತಾನೇ ಏಳುತ್ತದೆ. ಮೂರೂ ಇಲ್ಲದಿದ್ದರೆ ಫೋಟೊ ಮಾತ್ರ ಉಳಿಯುತ್ತದೆ.

ಒಂದು ಕೈ ದೊಡ್ಡದಿರುವ ಏಡಿ ಏನು ಮಾಡುತ್ತದೆ?

ಕಾಂಡ್ಲಾ ಕಾಡಿನಲ್ಲಿ ಅತಿ ಹೆಚ್ಚು ವಿಡಿಯೊ ಮಾಡಿಸಿಕೊಳ್ಳುವ ಜೀವಿ ಪಿಟೀಲು ಏಡಿ. ಗಂಡಿಗೆ ಒಂದು ಕೊಂಡಿ ಮಾತ್ರ ವಿಪರೀತ ದೊಡ್ಡದು, ಬಿಲದ ಬಾಯಲ್ಲಿ ನಿಂತು ಅದನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ‘ಸೂರ್ಯನಿಗೆ ನಮಸ್ಕರಿಸುವ ಏಡಿ’, ‘ಮನುಷ್ಯರನ್ನು ಕರೆಯುವ ಏಡಿ’ ಎಂಬ ಶೀರ್ಷಿಕೆಗಳ ಅಗತ್ಯವಿಲ್ಲ. ಅದು ಹೆಣ್ಣನ್ನು ಕರೆಯುತ್ತಿದೆ, ಪಕ್ಕದ ಗಂಡನ್ನು ದೂರ ಇಡುತ್ತಿದೆ. ಆ ದೊಡ್ಡ ಕೊಂಡಿಯಿಂದ ಅದಕ್ಕೆ ಉಣ್ಣಲೂ ಬಾರದು. ಊಟ ಏನಿದ್ದರೂ ಚಿಕ್ಕ ಕೊಂಡಿಯಿಂದಲೇ. ಹೆಣ್ಣಿಗೆ ಎರಡೂ ಚಿಕ್ಕವು, ಹಾಗಾಗಿ ಎರಡು ಕೈಯಲ್ಲೂ ಉಣ್ಣುತ್ತದೆ. ಕೆಸರಿನ ಮೇಲ್ಪದರ ಕೆರೆದು, ಅದರಲ್ಲಿನ ಸೂಕ್ಷ್ಮ ಪಾಚಿ ತಿಂದು, ಉಳಿದ ಮಣ್ಣನ್ನು ಸಾಸಿವೆ ಗಾತ್ರದ ಉಂಡೆ ಮಾಡಿ ಬಿಡುತ್ತದೆ. ಇಳಿತದ ಹೊತ್ತಿನಲ್ಲಿ ದಡದ ತುಂಬ ಹರಡಿರುವ ಮಣ್ಣಿನ ಉಂಡೆಗಳು ಇವುಗಳ ಕೆಲಸ.

ಮಾರುಕಟ್ಟೆಗೆ ಬರುವ ದೊಡ್ಡ ಏಡಿ ಬೇರೆಯದು. ಅದು ಸಿಲ್ಲಾ ಎಂಬ ಕುಲದ ಕೆಸರೇಡಿ. ಇದು ಬೇಟೆಗಾರ, ಚಿಪ್ಪುಜೀವಿಗಳನ್ನೂ ಸಣ್ಣ ಏಡಿಗಳನ್ನೂ ಒಡೆದು ತಿನ್ನುತ್ತದೆ. ಜೀವಂತವಾಗಿ ಹಗ್ಗ ಕಟ್ಟಿ ಮಾರುವುದು ಇದನ್ನೇ. ಹೊರದೇಶಕ್ಕೂ ಹೋಗುತ್ತದೆ. ಕರಾವಳಿಯ ಎಷ್ಟೋ ಬಡ ಮನೆಗಳಿಗೆ ದೋಣಿ ಇಲ್ಲದೆಯೂ ದುಡಿಮೆ ಕೊಡುವ ಪ್ರಾಣಿ ಇದು. ಕಾಂಡ್ಲಾ ಕಡಿದರೆ ಮೊದಲು ಬರಿದಾಗುವುದು ಆ ಮನೆಗಳ ಬುಟ್ಟಿ.

ಕಂಪ್ಲಿಯ ಗದ್ದೆಯ ಏಡಿಯೂ ಇದೇ ತಾನೇ?

ಅಲ್ಲ. ಕಂಪ್ಲಿ ಕಡೆಯ ಭತ್ತದ ಗದ್ದೆಯ ಬದುವಿನಲ್ಲಿ ತೂತು ಕೊರೆದು, ಕಟ್ಟಿದ ನೀರು ಸೋರಿಸಿ ರೈತರಿಂದ ಬೈಸಿಕೊಳ್ಳುವ ಏಡಿ ಸಿಹಿನೀರಿನದು. ಅದಕ್ಕೆ ಜೀವನದಲ್ಲಿ ಒಮ್ಮೆಯೂ ಸಮುದ್ರ ಬೇಕಾಗಿಲ್ಲ. ತಾಯಿ ಏಡಿ ಕೆಲವೇ ದೊಡ್ಡ ಮೊಟ್ಟೆಗಳನ್ನು ಹೊಟ್ಟೆಯ ಮಡಿಕೆಯಡಿ ಹೊತ್ತುಕೊಂಡಿರುತ್ತದೆ. ಅದರಿಂದ ನೇರವಾಗಿ ಪುಟಾಣಿ ಏಡಿಗಳೇ ಹೊರಬರುತ್ತವೆ, ಕೆಲವು ದಿನ ತಾಯಿಯ ಹೊಟ್ಟೆಯಡಿಯಲ್ಲೇ ಇರುತ್ತವೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನೂ ಇತ್ಯರ್ಥ ಮಾಡಿಬಿಡಬಹುದು. ಏಡಿ ಮರಿ ಹಾಕಿದರೆ ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಬರುತ್ತವೆ, ತಾಯಿ ಸಾಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಇದೆ. ಹೊಟ್ಟೆಯ ಮಡಿಕೆ ತೆರೆದುಕೊಂಡು ಒಳಗೆ ಮರಿಗಳು ಗಿಜಿಗುಡುವುದನ್ನು ಕಂಡವರಿಗೆ ಹಾಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಮಡಿಕೆ ಹೊಟ್ಟೆಯ ಹೊರಗಿನ ಮುಚ್ಚಳ. ಅದು ಸೀಳುವುದಿಲ್ಲ, ತೆರೆದುಕೊಳ್ಳುತ್ತದೆ. ತಾಯಿ ಬದುಕಿಯೇ ಇರುತ್ತದೆ.

ಕಾಂಡ್ಲಾ ಕಾಡಿನ ಏಡಿಗಳ ಬಾಳು ಇದಕ್ಕಿಂತ ಬೇರೆ. ಅವುಗಳ ಮೊಟ್ಟೆಯಿಂದ ಹೊರಬರುವುದು ಏಡಿಯಂತೆ ಕಾಣದ, ಕಣ್ಣಿಗೆ ಕಾಣಿಸುವಷ್ಟೂ ದೊಡ್ಡದಲ್ಲದ ಡಿಂಬಗಳು. ದೊಡ್ಡ ಉಬ್ಬರದ ದಿನಗಳಲ್ಲಿ ಎಷ್ಟೋ ಏಡಿಗಳು ಇವನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತವೆ. ಕೆಸರೇಡಿಯಂತೂ ಮೊಟ್ಟೆ ಬಿಡಲು ತಾನೇ ಹೊರ ಸಮುದ್ರಕ್ಕೆ ಹೋಗುತ್ತದೆ. ಡಿಂಬಗಳಲ್ಲಿ ಬಹುಪಾಲು ಮೀನಿನ ಮರಿಗಳ ಊಟ. ಉಳಿದವು ಬೆಳೆದು ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಗೆ, ವಾಪಸು ಬರುತ್ತವೆ. ಅಲ್ಲಿ ಹೊಳೆಯ ನೀರು, ಕೆಸರು, ಕಾಂಡ್ಲಾ ಬೇರು ಇದ್ದರೆ ನೆಲೆ ನಿಲ್ಲುತ್ತವೆ. ಸಿಹಿನೀರು ಸಮುದ್ರ ಸೇರುವ ಜಾಗಕ್ಕೆ ಇಷ್ಟು ಬೆಲೆ ಬಂದಿರುವುದು ಇದಕ್ಕಾಗಿಯೇ.

ಉಪ್ಪುನೀರಿನ ಮರಕ್ಕೆ ಸಿಹಿನೀರು ಯಾಕೆ ಬೇಕು?

ಕಾಂಡ್ಲಾ ಮರಗಳು ಉಪ್ಪನ್ನು ಸಹಿಸುತ್ತವೆ, ಉಪ್ಪನ್ನೇ ಬಯಸುವುದಿಲ್ಲ. ಒಳಗೆ ಬಂದ ಉಪ್ಪನ್ನು ಸೋಸಲು, ಹೊರಹಾಕಲು ಅವು ಶಕ್ತಿ ಖರ್ಚು ಮಾಡಬೇಕು. ಸಿಹಿನೀರು ಬೆರೆತಷ್ಟೂ ಆ ಖರ್ಚು ಕಡಿಮೆ, ಬೆಳವಣಿಗೆ ಹೆಚ್ಚು. ಹೊಳೆಯ ನೀರು ನಿಂತರೆ ಅಳಿವೆಯ ಉಪ್ಪು ಏರುತ್ತದೆ. ಸೊನರೇಷಿಯಾದಂಥ ಮರಗಳು ಹಿಂದೆ ಸರಿಯುತ್ತವೆ, ಗಟ್ಟಿಗನಾದ ಅವಿಸೀನಿಯಾ ಉಳಿಯುತ್ತದೆ, ಅದೂ ಕುಳ್ಳಾಗುತ್ತದೆ. ಹಲವು ಮರಗಳ ಕಾಡು ಒಂದೆರಡು ಮರಗಳ ಪೊದೆಯಾಗುತ್ತದೆ. ಮರ ಬದಲಾದರೆ ಎಲೆ ಬದಲಾಗುತ್ತದೆ, ನೆರಳು ಬದಲಾಗುತ್ತದೆ, ಏಡಿಗಳೂ ಬದಲಾಗುತ್ತವೆ.

ಹೊಳೆ ತರುವುದು ನೀರನ್ನಷ್ಟೇ ಅಲ್ಲ, ಮಣ್ಣನ್ನೂ. ಮರ ಬೇರೂರುವ, ಏಡಿ ಬಿಲ ಕೊರೆಯುವ ಕೆಸರೆಲ್ಲ ಹೊಳೆ ಹೊತ್ತು ತಂದದ್ದು. ಇಲ್ಲಿ ಹೊಸಪೇಟೆಯ ಲೆಕ್ಕ ಬರುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಇವತ್ತು ಎಲ್ಲರ ಬಾಯಲ್ಲಿರುವ ಅಂಕಿ 105 ಚಿಲ್ಲರೆ. ಉಳಿದ ಸುಮಾರು 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಮೀಟರ್ ಲೆಕ್ಕದಲ್ಲಿ ಸುಮಾರು 2.83 ಕೋಟಿ ಘನ ಮೀಟರ್. ಹಾಗೆ ಲೆಕ್ಕ ಹಾಕಿದರೆ ಡ್ಯಾಂನಲ್ಲಿ ಸಿಕ್ಕಿಕೊಂಡಿರುವ ಹೂಳು 76 ಕೋಟಿ ಘನ ಮೀಟರ್ ಆಸುಪಾಸು.

ನಮಗೆ ಈ ಹೂಳು ಒಂದು ಕಡೆಯಿಂದ ಮಾತ್ರ ಗೊತ್ತು: ನೀರು ನಿಲ್ಲುವ ಜಾಗ ಹೋಯಿತು, ರೈತನಿಗೆ ನಷ್ಟ, ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯದ ಮಾತು. ಇನ್ನೊಂದು ಕಡೆಯಿಂದ ನೋಡಿದರೆ, ಅದರಲ್ಲಿ ಒಂದು ಪಾಲಾದರೂ ನದಿಯ ತುದಿಯಲ್ಲಿ ಕಾಂಡ್ಲಾ ಕೆಸರಾಗಬೇಕಿದ್ದ ಮಣ್ಣು. ಕೆಳಗಿನ ಡ್ಯಾಂಗಳಲ್ಲೂ ಹೀಗೆಯೇ ಹೂಳು ಕೂರುತ್ತಾ ಬಂದಿದೆ. ಸಮುದ್ರ ದಡವನ್ನು ದಿನವೂ ಸ್ವಲ್ಪ ಸ್ವಲ್ಪ ಕೊರೆಯುತ್ತಿರುತ್ತದೆ, ಹೊಳೆ ಹೊಸ ಮಣ್ಣು ಹಾಕಿ ಸರಿದೂಗಿಸುತ್ತಿತ್ತು. ಮಣ್ಣು ನಿಂತ ಮೇಲೆ ಕೃಷ್ಣೆಯ ಮುಖಜ ಭೂಮಿಯ ಕೆಲವು ದಡಗಳು ಹಿಂದೆ ಸರಿಯುತ್ತಿರುವುದನ್ನು ಉಪಗ್ರಹ ಚಿತ್ರಗಳಲ್ಲಿ ಸಂಶೋಧಕರು ಗುರುತಿಸಿದ್ದಾರೆ. ನೀರಿನ ಕಥೆಯೂ ಅಷ್ಟೇ. 2000ದ ದಶಕದ ಆರಂಭದ ಬರಗಾಲದ ವರ್ಷಗಳಲ್ಲಿ ಕೃಷ್ಣೆಯಿಂದ ಸಮುದ್ರ ಸೇರಿದ ನೀರು ಬಹುತೇಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ಆ ದಡದಲ್ಲಿರುವುದು ಮರ, ಏಡಿ ಮಾತ್ರವಲ್ಲ. 1977ರ ನವೆಂಬರ್ 19ರಂದು ಚಂಡಮಾರುತದ ಅಲೆ ನುಗ್ಗಿದ ದಿವಿಸೀಮೆ ಇರುವುದು ಇದೇ ಕೃಷ್ಣೆಯ ತುದಿಯಲ್ಲಿ. ಸರ್ಕಾರಿ ಲೆಕ್ಕದ ಪ್ರಕಾರವೇ ಸುಮಾರು ಹತ್ತು ಸಾವಿರ ಜನ ಸತ್ತರು. ಕಾಂಡ್ಲಾ ಕಾಡು ಎಂಥ ಅಲೆಯನ್ನೂ ತಡೆಯುವ ಗೋಡೆಯಲ್ಲ. ಆದರೆ 1999ರ ಒಡಿಶಾ ಮಹಾ ಚಂಡಮಾರುತದ ಸಾವುಗಳನ್ನು ಹಳ್ಳಿ ಹಳ್ಳಿಯ ಮಟ್ಟದಲ್ಲಿ ಹೋಲಿಸಿ ನೋಡಿದ ಅಧ್ಯಯನ, ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಇದ್ದ ಕಡೆ ಸಾವು ಕಡಿಮೆ ಇತ್ತು ಎಂದು ತೋರಿಸಿದೆ.

ಅಣೆಕಟ್ಟೇ ಇಲ್ಲದ ಹೊಳೆ ಹೇಗಿರುತ್ತದೆ?

ಹೋಲಿಕೆಗೆ ದೂರ ಹೋಗಬೇಕಿಲ್ಲ. ಹೊಸಪೇಟೆಯಿಂದ ಗದಗ, ಹುಬ್ಬಳ್ಳಿ ಮಾರ್ಗವಾಗಿ ಅಂಕೋಲಾಗೆ ಹೋಗುವ ಹೆದ್ದಾರಿ ಹಿಡಿದು ಕುಮಟಾ ಕಡೆ ತಿರುಗಿದರೆ ಅಘನಾಶಿನಿ ಸಿಗುತ್ತದೆ. ಶಿರಸಿ ಬಳಿ ಹುಟ್ಟಿ ಸಮುದ್ರ ಸೇರುವವರೆಗೆ ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಕಾಂಡ್ಲಾ ಇದೆ, ಏಡಿ ಇದೆ, ಚಿಪ್ಪಿಕಲ್ಲು ಆರಿಸಿ ಬದುಕುವ ಹೆಂಗಸರಿದ್ದಾರೆ, ಉಪ್ಪುನೀರು ತಡೆಯುವ ‘ಕಗ್ಗ’ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ. ಗಜನಿಯ ಮಣ್ಣಿನ ಕಟ್ಟೆಗಳನ್ನು ಅಲೆಯಿಂದ ಕಾಯುವುದು ಕಾಂಡ್ಲಾ ಬೇರುಗಳೇ. ಕಂಪ್ಲಿಯ ಭತ್ತದ ರೈತ ಅಲ್ಲಿಗೆ ಹೋದರೆ ಅರ್ಧ ದಿನದಲ್ಲಿ ಆ ಊರಿನ ರೈತರ ಜೊತೆ ಮಾತಿಗೆ ಕೂರಬಹುದು, ಬೆಳೆ ಒಂದೇ, ಏಡಿ ಮಾತ್ರ ಬೇರೆ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯವರಿಗೆ ಖುಷಿ ಕೊಡಬೇಕು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ‘ರಾಮ್ಸಾರ್’ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿದ ಸುದ್ದಿ ಬಂದಾಗ, ಅದೇ ಪಟ್ಟಿಯಲ್ಲಿ ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇದ್ದವು. ಅಘನಾಶಿನಿ 4,801 ಹೆಕ್ಟೇರ್, ಅಂಕಸಮುದ್ರ ನೂರು ಹೆಕ್ಟೇರಿಗೂ ಸ್ವಲ್ಪ ಕಡಿಮೆ. ಒಂದು ಉಪ್ಪುನೀರು, ಒಂದು ಕೆರೆ ನೀರು. ಎರಡರ ಪಾಠ ಮಾತ್ರ ಒಂದೇ: ನಿಂತ ನೀರು, ಕೆಸರು, ಜೌಗು ಎಂದರೆ ಪಾಳು ಜಾಗವಲ್ಲ.

ಹಾಗಾದರೆ ಡ್ಯಾಂ ಗೇಟ್ ತೆರೆದೇ ಬಿಡಬೇಕೇ?

ಖಂಡಿತ ಅಲ್ಲ. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಗದ್ದೆಗಳು ನಿಂತಿರುವುದು ಈ ಡ್ಯಾಂ ಮೇಲೆ. ಗೇಟ್ ಮುರಿದು ನೀರು ಹೋಗುವುದು ಆಡಳಿತದ ಸೋಲು, ಅದನ್ನು ಪ್ರಶ್ನಿಸಲೇಬೇಕು. ಆದರೆ ಪ್ರಶ್ನೆ ‘ಒಂದು ಹನಿಯೂ ಸಮುದ್ರ ಸೇರಬಾರದು’ ಎಂದಾದರೆ, ನಾವು ಕೇಳುತ್ತಿರುವುದು ಹೊಳೆಯ ಕೊನೆಯ ಊರಿನವರ ಪಾಲನ್ನು. ಮನೆಯ ನಲ್ಲಿ ಸೋರುವುದಕ್ಕೂ ಪಕ್ಕದ ಮನೆಯ ಕೊಡ ತುಂಬುವುದಕ್ಕೂ ವ್ಯತ್ಯಾಸ ಇದೆ. ಕಾಲುವೆಯ ತುದಿಯ ಹೊಲಕ್ಕೆ ನೀರು ಬರುತ್ತಿಲ್ಲ ಎಂಬ ದೂರು ನಮ್ಮ ಭಾಗದಲ್ಲಿ ಹೊಸದಲ್ಲ. ಮೇಲಿನವರು ಪೂರ್ತಿ ಎತ್ತಿಕೊಂಡರೆ ಕೊನೆಯವನ ಗತಿ ಏನು ಎಂಬುದು ನಮಗೆ ಚೆನ್ನಾಗಿ ಗೊತ್ತು. ಕಾಂಡ್ಲಾ ಕಾಡು ಇಡೀ ಕೃಷ್ಣೆಯ ಕಾಲುವೆ ತುದಿಯ ರೈತ.

ಮುಂದಿನ ಫಾರ್ವರ್ಡ್ ಬಂದಾಗ ನೆನಪಿಡಿ

ಹೇಳಿಕೆ: ಸಮುದ್ರ ಸೇರುವ ನೀರೆಲ್ಲ ವ್ಯರ್ಥ.
ವಾಸ್ತವ: ಅಳಿವೆಯ ಉಪ್ಪನ್ನು ಹದದಲ್ಲಿಡುವುದು, ದಡಕ್ಕೆ ಮಣ್ಣು ತರುವುದು, ಮೀನು ಮತ್ತು ಏಡಿಯ ಮರಿಗಳಿಗೆ ನೆಲೆ ಕೊಡುವುದು ಆ ನೀರೇ. ಕಾಲುವೆಯಲ್ಲಿ, ಗೇಟಿನಲ್ಲಿ ಸೋರುವ ನೀರು ಬೇರೆ ಪ್ರಶ್ನೆ.

ಹೇಳಿಕೆ: ಕಾಂಡ್ಲಾ ಉಪ್ಪುನೀರಿನ ಗಿಡ, ಅದಕ್ಕೆ ಹೊಳೆ ನೀರು ಬೇಡ.
ವಾಸ್ತವ: ಉಪ್ಪು ಸಹಿಸುತ್ತದೆ ಅಷ್ಟೇ. ಸಿಹಿನೀರು ಬೆರೆತ ಕಡೆಯೇ ಚೆನ್ನಾಗಿ ಬೆಳೆಯುತ್ತದೆ.

ಹೇಳಿಕೆ: ಏಡಿ ಬೇರು ಕೊರೆದು ಮರ ಬೀಳಿಸುತ್ತದೆ.
ವಾಸ್ತವ: ಕೆಲವು ಮೊಳಕೆ ತಿನ್ನುವುದು ನಿಜ. ಆದರೆ ಬಿಲ ಕೊರೆದು ಕೆಸರಿಗೆ ಗಾಳಿ ಕೊಡುವುದರಿಂದ ಒಟ್ಟು ಕಾಡಿಗೆ ಲಾಭ.

ಹೇಳಿಕೆ: ಮರಿ ಹಾಕಿದರೆ ತಾಯಿ ಏಡಿ ಸಾಯುತ್ತದೆ.
ವಾಸ್ತವ: ಇಲ್ಲ. ಮರಿಗಳು ಹೊಟ್ಟೆಯ ಹೊರಗಿನ ಮಡಿಕೆಯಿಂದ ಹೊರಬರುತ್ತವೆ.

ಹೇಳಿಕೆ: ಎಲ್ಲೆಂದರಲ್ಲಿ ಕಾಂಡ್ಲಾ ಗಿಡ ನೆಟ್ಟರೆ ಕಾಡಾಗುತ್ತದೆ.
ವಾಸ್ತವ: ಸರಿಯಾದ ಜಾಗ, ಸರಿಯಾದ ಜಾತಿ, ಹರಿಯುವ ನೀರು ಇದ್ದರೆ ಮಾತ್ರ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನಿಸಿದರೆ ಹೊನ್ನಾವರದ ಬಳಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಕಟ್ಟಿರುವ ಕಾಲುಸೇತುವೆ ಇದೆ. ಮುರ್ಡೇಶ್ವರ, ಗೋಕರ್ಣಕ್ಕೆ ಹೋಗುವ ಟ್ರಿಪ್‌ನಲ್ಲಿ ಒಂದು ಗಂಟೆ ಅಲ್ಲಿಗೆ ಇಡಿ. ಇಳಿತದ ಹೊತ್ತು ನೋಡಿಕೊಂಡು ಹೋಗಿ, ಸದ್ದು ಮಾಡದೆ ಐದು ನಿಮಿಷ ನಿಲ್ಲಿ. ಬಿಲಗಳಿಂದ ಒಂದೊಂದೇ ಏಡಿ ಹೊರಬಂದು ಕೆಲಸಕ್ಕೆ ತೊಡಗುತ್ತದೆ. ಆ ವಿಡಿಯೊ ಮಾಡಿ ಫಾರ್ವರ್ಡ್ ಮಾಡಿದರೆ ಯಾರ ತಕರಾರೂ ಇಲ್ಲ.